ಸಕಲೇಶಪುರದ ಮೇಲೆ ಒಂದು ಎಂಜಿನ್ ಕೈಕೊಟ್ಟರೆ ಎಲ್ಲಿಗೆ ಹೋಗುವುದು?

ಅರಸೀಕೆರೆ_ರೆಕ್ಕೆ:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವಳು, ಈಗ ಮಲ್ಟಿ ಎಂಜಿನ್ ರೇಟಿಂಗ್‌ಗೆ, ಅಂದರೆ ಒಂದಕ್ಕಿಂತ ಹೆಚ್ಚು ಎಂಜಿನ್ ಇರುವ ವಿಮಾನ ಹಾರಿಸುವ ಅನುಮತಿಗೆ, ಓದುತ್ತಿದ್ದೇನೆ. ವಿಮಾನ ಎರಡು ಎಂಜಿನ್‌ನ ಪೈಪರ್ ಸೆನೆಕಾ. ಕ್ಲಾಸಿನಲ್ಲಿ ಒಂದು ಸಮಸ್ಯೆ ಕೊಟ್ಟಿದ್ದಾರೆ, ಹಾಸ್ಟೆಲ್‌ನಲ್ಲಿ ಅದರ ಮೇಲೆ ವಾದ ನಿಂತಿಲ್ಲ.

ಬೆಂಗಳೂರಿನ ಜಕ್ಕೂರಿನಿಂದ ಮಂಗಳೂರಿಗೆ 8,500 ಅಡಿ ಎತ್ತರದಲ್ಲಿ ಹೋಗುತ್ತಿದ್ದೀರಿ. ಹಾಸನ ದಾಟಿ ಸಕಲೇಶಪುರದ ಮೇಲೆ ಬರುವಾಗ ಬಲಗಡೆ ಎಂಜಿನ್ ನಡುಗಲು ಶುರುವಾಗುತ್ತದೆ. ನಿಂತಿಲ್ಲ, ಓಡುತ್ತಲೇ ಇದೆ. ಆದರೆ ಆಯಿಲ್ ಪ್ರೆಷರ್ ನಿಧಾನಕ್ಕೆ ಇಳಿಯುತ್ತಿದೆ, ಆಯಿಲ್ ಟೆಂಪರೇಚರ್ ಏರುತ್ತಿದೆ. ಏನು ಮಾಡುತ್ತೀರಿ, ಎಲ್ಲಿ ಇಳಿಯುತ್ತೀರಿ?

ಎಂಜಿನ್ ಪೂರ್ತಿ ನಿಂತರೆ ಏನು ಮಾಡಬೇಕು ಅನ್ನುವುದು ಬಾಯಿಪಾಠ ಇದೆ. ಇದು ಅರ್ಧಂಬರ್ಧ ಕೆಟ್ಟಿರುವ ಎಂಜಿನ್. ತಕ್ಷಣ ಎಂಜಿನ್ ಆರಿಸಿ ಫೆದರ್ ಮಾಡು (ಪ್ರೊಪೆಲ್ಲರ್ ಬ್ಲೇಡ್ ಗಾಳಿಗೆ ಅಡ್ಡ ಬರದ ಹಾಗೆ ತಿರುಗಿಸು) ಅಂತ ಒಬ್ಬಳು ಹೇಳುತ್ತಾಳೆ. ಕೆಳಗೆ ಘಟ್ಟ ಇದೆ, ಓಡುವಷ್ಟು ಹೊತ್ತು ಓಡಲಿ, ಇರುವ ಪವರ್ ಯಾಕೆ ಕಳೆದುಕೊಳ್ಳಬೇಕು ಅಂತ ಇನ್ನೊಬ್ಬ ಹೇಳುತ್ತಾನೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ.

ಇಳಿಯುವ ಜಾಗದ್ದು ಬೇರೆ ಪ್ರಶ್ನೆ. ನಮ್ಮ ಹಾಸನ ಹತ್ತಿರವೇ, ಆದರೆ ಬೂವನಹಳ್ಳಿ ವಿಮಾನ ನಿಲ್ದಾಣ ಇನ್ನೂ ತೆರೆದಿಲ್ಲ. ಮಂಗಳೂರು, ಶಿವಮೊಗ್ಗ, ಮೈಸೂರು ಈ ಮೂರರಲ್ಲಿ ಯಾವುದು? ಈ ಕಡೆ ಹಾರಿ ಗೊತ್ತಿರುವವರು ಹೇಳಿದರೆ ದೊಡ್ಡ ಉಪಕಾರ.

ಚಿಕ್ಕಮಗಳೂರು_ಬಾನು:

ನಾನು ಚಿಕ್ಕಮಗಳೂರಿನವಳು, ಈಗ ತರಬೇತಿ ಕೊಡುವ ಕೆಲಸ. ನೋಡು ತಂಗಿ, ಜಾಗದ ಪ್ರಶ್ನೆ ಆಮೇಲೆ. ಮೊದಲು ವಿಮಾನ ನಿನ್ನ ಕೈಯಲ್ಲಿರಬೇಕು. ಸ್ಪೀಡ್ ಮೀಟರ್‌ನ ನೀಲಿ ಗೆರೆಗಿಂತ ಕೆಳಗೆ ಹೋಗಬಾರದು, ನಿನ್ನ ಸೆನೆಕಾದಲ್ಲಿ ಅದು ಸುಮಾರು 90 ನಾಟ್. ಒಂದೇ ಎಂಜಿನ್ ಮೇಲೆ ಅತಿ ಚೆನ್ನಾಗಿ ಏರುವ, ಇಲ್ಲವೇ ಅತಿ ನಿಧಾನವಾಗಿ ಇಳಿಯುವ ಸ್ಪೀಡ್ ಅದು. ಎತ್ತರ ಹೋಗುತ್ತಿದೆ ಅಂತ ಮೂಗು ಎತ್ತಿದರೆ ಸ್ಪೀಡ್ ಕರಗಿ ಕೆಂಪು ಗೆರೆಗೆ ಬರುತ್ತದೆ. ಅಲ್ಲಿಂದ ಕೆಳಗೆ, ಒಳ್ಳೆಯ ಎಂಜಿನ್ ಪೂರ್ತಿ ಪವರ್‌ನಲ್ಲಿದ್ದರೆ, ರಡ್ಡರ್ (ಬಾಲದಲ್ಲಿರುವ, ವಿಮಾನದ ಮೂಗನ್ನು ಎಡ ಬಲಕ್ಕೆ ತಿರುಗಿಸುವ ಪಟ್ಟಿ) ಪೂರ್ತಿ ತುಳಿದರೂ ವಿಮಾನ ಕೆಟ್ಟ ಎಂಜಿನ್ ಕಡೆಗೆ ತಿರುಗಿ ಮಗುಚಿಕೊಳ್ಳುತ್ತದೆ. ಹಾಗೇನಾದರೂ ಶುರುವಾದರೆ ಒಳ್ಳೆಯ ಎಂಜಿನ್‌ನ ಪವರ್ ಕಡಿಮೆ ಮಾಡಿ ಮೂಗು ಇಳಿಸಬೇಕು. ಮನಸ್ಸು ಒಪ್ಪುವುದಿಲ್ಲ, ಆದರೂ ಅದೇ ದಾರಿ.

ಇನ್ನೊಂದು ವಿಷಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ನಲ್ಲಿ ಎತ್ತರ ಹೆಚ್ಚಾದ ಹಾಗೆ ಪವರ್ ಕಡಿಮೆ, ಹಾಗಾಗಿ ಕೆಂಪು ಗೆರೆಯ ನಿಜವಾದ ಸ್ಪೀಡೂ ಕೆಳಗೆ ಬರುತ್ತದೆ. ಸ್ಟಾಲ್ ಸ್ಪೀಡ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಪೀಡ್, ಮಾತ್ರ ಮೀಟರ್‌ನಲ್ಲಿ ಅಲ್ಲೇ ಇರುತ್ತದೆ. ಎರಡೂ ಹತ್ತಿರ ಬಂದಾಗ, ಒಂದು ಕಡೆ ಪವರ್ ಇಟ್ಟುಕೊಂಡು ಸ್ಟಾಲ್ ಆದರೆ ಸ್ಪಿನ್‌ಗೆ (ಸುತ್ತುತ್ತಾ ಬೀಳುವುದು) ಹೋಗುವ ಅಪಾಯ ಇದೆ. ಆದ್ದರಿಂದ ಘಟ್ಟದ ಮೇಲಿನ ಎತ್ತರದಲ್ಲಿ ನೀಲಿ ಗೆರೆಯನ್ನು ಬಿಡಲೇಬೇಡ.

ಎರಡು ಎಂಜಿನ್‌ನಲ್ಲಿ ಒಂದು ಹೋದರೆ ಪವರ್ ಅರ್ಧ ಹೋಯಿತು ಅಷ್ಟೇ ಅಲ್ವಾ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮಟ್ಟಸವಾಗಿ ಹಾರುವುದಕ್ಕೇ ಪವರ್‌ನ ದೊಡ್ಡ ಪಾಲು ಖರ್ಚಾಗುತ್ತದೆ, ಉಳಿದದ್ದರಲ್ಲಿ ಮಾತ್ರ ಏರುವುದು. ಆ ಉಳಿಕೆಯೇ ಹೋಗುವುದರಿಂದ ಏರುವ ಶಕ್ತಿ ಶೇ 80ರಷ್ಟು ಬಿದ್ದುಹೋಗುತ್ತದೆ, ಕೆಲವು ವಿಮಾನಗಳಲ್ಲಿ ಅದಕ್ಕಿಂತ ಜಾಸ್ತಿ. ಒಂದೇ ಎಂಜಿನ್ ಮೇಲೆ ನಿಮಿಷಕ್ಕೆ 50 ಅಡಿ ಏರಲು ಸಾಧ್ಯವಾಗುವ ಎತ್ತರವನ್ನು ಸಿಂಗಲ್ ಎಂಜಿನ್ ಸರ್ವೀಸ್ ಸೀಲಿಂಗ್ ಅನ್ನುತ್ತಾರೆ. ಟರ್ಬೊ ಇರುವ ಸೆನೆಕಾಗೆ 8,500 ಅಡಿ ತೊಂದರೆಯೇ ಅಲ್ಲ. ಟರ್ಬೊ ಇಲ್ಲದ ಹಳೆಯದಾದರೆ ಅಲ್ಲಿಂದ ನಿಧಾನಕ್ಕೆ ಕೆಳಗೆ ಜಾರುತ್ತದೆ. ನಿನ್ನದು ಯಾವುದು ಅಂತ ಮೊದಲು ಮ್ಯಾನ್ಯುಯಲ್ ತೆಗೆದು ನೋಡು, ಉತ್ತರ ಅರ್ಧ ಅಲ್ಲೇ ಇದೆ.

ಈಗ ಯಾವ ಎಂಜಿನ್ ಅನ್ನುವ ವಿಷಯ. ಎಂಜಿನ್ ಪೂರ್ತಿ ಸತ್ತರೆ, ಕೆಲಸ ಇಲ್ಲದ ಕಾಲಿನ ಕಡೆ ಎಂಜಿನ್ ಸತ್ತಿದೆ ಅಂತ ನಮಗೆಲ್ಲ ಕಲಿಸಿರುತ್ತಾರೆ. ಅರ್ಧ ಓಡುವ ಎಂಜಿನ್‌ನಲ್ಲಿ ಎಳೆತ ಅಷ್ಟು ಗೊತ್ತಾಗುವುದಿಲ್ಲ. ಆಟೋಪೈಲಟ್ ಹಾಕಿದ್ದರೆ ಇರುವ ಎಳೆತವನ್ನೂ ಅದು ಮುಚ್ಚಿಹಾಕುತ್ತದೆ, ಅದನ್ನು ತೆಗೆದು ಕೈಯಲ್ಲಿ ಹಾರಿಸು. ಆರ್‌ಪಿಎಂ ಮೀಟರ್ ನಂಬಬೇಡ, ಆರ್‌ಪಿಎಂ ಒಂದೇ ಸಮ ಇಡುವ ಗವರ್ನರ್ ಇರುವುದರಿಂದ ಸತ್ತ ಎಂಜಿನ್ ಕೂಡ ಗಾಳಿಗೆ ತಿರುಗುತ್ತಾ ಸರಿಯಾದ ಆರ್‌ಪಿಎಂ ತೋರಿಸಬಹುದು. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ, ಅಂದರೆ ಮ್ಯಾನಿಫೋಲ್ಡ್ ಪ್ರೆಷರ್ ಕೂಡ ಹಾಗೆಯೇ. ಫ್ಯೂಯಲ್ ಫ್ಲೋ, ಎಕ್ಸಾಸ್ಟ್ ಟೆಂಪರೇಚರ್, ಆಯಿಲ್ ಪ್ರೆಷರ್ ನೋಡು. ಆಮೇಲೆ ಅನುಮಾನ ಇರುವ ಎಂಜಿನ್‌ನ ಥ್ರಾಟಲ್ ಮೆಲ್ಲಗೆ ಹಿಂದೆ ತಂದು ಏನಾಗುತ್ತದೆ ನೋಡು.

ಅಲ್ಲಿಯೂ ಎಚ್ಚರ ಬೇಕು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬೋಯಿಂಗ್ 737 ವಿಮಾನದಲ್ಲಿ ಕೆಟ್ಟದ್ದು ಎಡಗಡೆ ಎಂಜಿನ್. ಅವರು ಬಲಗಡೆಯದನ್ನು ಹಿಂದೆ ತಂದಾಗ ನಡುಕ ಕಡಿಮೆಯಾದ ಹಾಗೆ ಕಂಡಿತು, ಅದನ್ನೇ ನಂಬಿ ಒಳ್ಳೆಯ ಎಂಜಿನ್ ಆರಿಸಿದರು. 47 ಜನ ಸತ್ತರು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನದಲ್ಲೂ ಒಳ್ಳೆಯ ಎಂಜಿನ್‌ನ ಲಿವರ್ ಹಿಂದೆ ಎಳೆದರು, 43 ಜನ ಹೋದರು. ಅವರೆಲ್ಲ ಕಲಿತ ಪೈಲಟ್‌ಗಳು. ಹಾಗಾಗಿ ಒಂದೇ ಗುರುತು ಸಾಲದು, ಎರಡು ಮೂರು ಮೀಟರ್ ಒಂದೇ ಮಾತು ಹೇಳಬೇಕು. ಪಕ್ಕದಲ್ಲಿ ಯಾರಾದರೂ ಇದ್ದರೆ "ಬಲಗಡೆ ಆಯಿಲ್ ಪ್ರೆಷರ್ ಇಳಿಯುತ್ತಿದೆ, ಬಲಗಡೆ ಥ್ರಾಟಲ್ ಹಿಡಿದಿದ್ದೇನೆ, ಸರೀನಾ?" ಅಂತ ಜೋರಾಗಿ ಹೇಳಿ ಕೇಳು.

ಈ ಎತ್ತರದಲ್ಲಿ ನಿನಗೆ ಸಮಯ ಇದೆ. ಟೇಕಾಫ್‌ನಲ್ಲಿ ಸೆಕೆಂಡುಗಳ ಲೆಕ್ಕ, ಇಲ್ಲಿ ಹಾಗಿಲ್ಲ. ಆ ಸಮಯವನ್ನು ಅವಸರಕ್ಕೆ ಕೊಡಬೇಡ.

ಘಟ್ಟದ_ಗಾಳಿ:

ಬಾನು ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಮುಖ್ಯ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಹುಡುಗನ ಕಡೆ. ಓಡುತ್ತಿರುವ ಎಂಜಿನ್ ಯಾಕೆ ಆರಿಸಬೇಕು? ಅರ್ಧ ಪವರ್ ಕೊಟ್ಟರೂ ಅದು ವಿಮಾನವನ್ನು ಎತ್ತರದಲ್ಲಿ ಇಟ್ಟಿರುತ್ತದೆ. ಸಕಲೇಶಪುರದಿಂದ ಸ್ವಲ್ಪ ಮುಂದೆ ಹೋದರೆ ಶಿರಾಡಿ ಇಳಿದು ಗುಂಡ್ಯ ಬರುತ್ತದೆ, ಅಲ್ಲಿಂದ ನೆಲ ಸಮುದ್ರದ ಕಡೆಗೆ ಕೆಳಗೇ ಹೋಗುತ್ತದೆ. ಆ ಹತ್ತು ಹದಿನೈದು ನಿಮಿಷ ಎಂಜಿನ್ ಎಳೆಯಲಿ, ಹಾಳಾದರೆ ಹಾಳಾಗಲಿ. ಎಂಜಿನ್ ದುಡ್ಡು ಕೊಟ್ಟರೆ ಸಿಗುತ್ತದೆ.

ಹಾಸನ_ಸ್ಪ್ಯಾನರ್:

ನಾನು ಪೈಲಟ್ ಅಲ್ಲ, ವಿಮಾನದ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದವನು, ನಿವೃತ್ತನಾಗಿ ಹಾಸನದಲ್ಲಿ ಇದ್ದೇನೆ. ಎಂಜಿನ್ ಒಳಗಿಂದ ಏನಾಗುತ್ತಿದೆ ಅನ್ನುವುದನ್ನು ಹೇಳುತ್ತೇನೆ, ಉತ್ತರ ಅಲ್ಲೇ ಸಿಗುತ್ತದೆ.

ನಡುಕ ಒಂದೇ ಇದ್ದರೆ ಕಾರಣ ಹಲವು. ಕಿಡಿ ಕೊಡುವ ಮ್ಯಾಗ್ನೆಟೊ ಒಂದು ಕೆಟ್ಟಿರಬಹುದು, ಇಂಜೆಕ್ಟರ್ ನಾಝಲ್ ಕಟ್ಟಿಕೊಂಡಿರಬಹುದು, ಮಿಕ್ಸ್ಚರ್ (ಪೆಟ್ರೋಲ್, ಗಾಳಿಯ ಮಿಶ್ರಣ) ತೀರಾ ತೆಳುವಾಗಿರಬಹುದು, ಪೆಟ್ರೋಲ್‌ನಲ್ಲಿ ನೀರು ಬಂದಿರಬಹುದು. ಮಳೆಗಾಲದಲ್ಲಿ ಹೊರಗೆ ನಿಲ್ಲಿಸಿದ ವಿಮಾನದ ಟ್ಯಾಂಕ್ ತಳದಿಂದ ಪ್ರತಿ ಸಲ ಹಾರುವ ಮೊದಲು ಸ್ಯಾಂಪಲ್ ತೆಗೆದು ನೋಡಲೇಬೇಕು ಅನ್ನುವುದು ಇದಕ್ಕೇ. ಇಂಥ ತೊಂದರೆಗೆ ಮಿಕ್ಸ್ಚರ್ ಸರಿ ಮಾಡುವುದು, ಬೂಸ್ಟ್ ಪಂಪ್, ಮ್ಯಾಗ್ನೆಟೊ ಒಂದೊಂದೇ ಹಾಕಿ ನೋಡುವುದು, ಆಲ್ಟರ್ನೇಟ್ ಏರ್, ಎಲ್ಲವನ್ನೂ ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಮಾಡಬಹುದು. ಅಂಥ ಎಂಜಿನ್ ಕಡಿಮೆ ಪವರ್‌ನಲ್ಲಿ ಓಡುತ್ತಿದ್ದರೆ ಓಡಲಿ, ಅಲ್ಲಿ ಘಟ್ಟದ ಗಾಳಿಯವರ ಮಾತು ನಡೆಯುತ್ತದೆ.

ಆಯಿಲ್ ವಿಷಯ ಬೇರೆ. ಪ್ರೆಷರ್ ಮಾತ್ರ ಇಳಿದು ಟೆಂಪರೇಚರ್ ಇದ್ದಲ್ಲೇ ಇದ್ದರೆ ಗೇಜ್ ಕೆಟ್ಟಿರುವ ಸಾಧ್ಯತೆ ಇದೆ. ಈ ಹುಡುಗಿಯ ಲೆಕ್ಕದಲ್ಲಿ ಪ್ರೆಷರ್ ಇಳಿಯುತ್ತಿದೆ, ಟೆಂಪರೇಚರ್ ಏರುತ್ತಿದೆ, ಜೊತೆಗೆ ನಡುಕ. ಮೂರೂ ಸೇರಿದರೆ ಗೇಜ್ ಸುಳ್ಳು ಹೇಳುತ್ತಿಲ್ಲ, ಆಯಿಲ್ ನಿಜವಾಗಿ ಹೋಗುತ್ತಿದೆ. ಕಿಟಕಿಯಿಂದ ಎಂಜಿನ್ ಕವರ್ ಮೇಲೆ ಕಪ್ಪು ಗೆರೆ ಹರಿದಿದೆಯಾ ಒಮ್ಮೆ ನೋಡಮ್ಮ, ಕಾಣಬಹುದು.

ಇಂಥ ಅವಳಿ ಎಂಜಿನ್ ವಿಮಾನಗಳಲ್ಲಿ ಪ್ರೊಪೆಲ್ಲರ್‌ನ ಕೋನವನ್ನು ಚಪ್ಪಟೆ ಕಡೆ ಹಿಡಿದಿಡುವುದು ಆಯಿಲ್ ಪ್ರೆಷರ್. ಆಯಿಲ್ ಹೋದರೆ ಸ್ಪ್ರಿಂಗು, ನೈಟ್ರೋಜನ್ ಗ್ಯಾಸು, ಕೌಂಟರ್‌ವೇಟು ಸೇರಿ ಬ್ಲೇಡನ್ನು ಫೆದರ್ ಕಡೆಗೆ ತಳ್ಳುತ್ತವೆ. ಒಳ್ಳೆಯದೇ. ಆದರೆ ನೆಲದ ಮೇಲೆ ಎಂಜಿನ್ ಆರಿಸಿದಾಗಲೆಲ್ಲ ಫೆದರ್ ಆಗಬಾರದು ಅಂತ ಒಳಗೆ ಲಾಕ್ ಪಿನ್ ಇಟ್ಟಿರುತ್ತಾರೆ, ಆರ್‌ಪಿಎಂ ಸುಮಾರು 800ಕ್ಕಿಂತ ಕೆಳಗೆ ಬಂದರೆ ಅದು ಕೂತುಕೊಳ್ಳುತ್ತದೆ. ಅಲ್ಲಿಂದಾಚೆ ಲಿವರ್ ಎಷ್ಟು ಎಳೆದರೂ ಫೆದರ್ ಆಗುವುದಿಲ್ಲ. ಆಯಿಲ್ ಇಲ್ಲದ ಎಂಜಿನ್ ಬೇರಿಂಗ್ ಹಿಡಿದುಕೊಂಡು ಒಮ್ಮೆಗೇ ನಿಂತರೆ ಬ್ಲೇಡ್ ಅಗಲವಾಗಿ ಗಾಳಿಗೆ ಎದುರು ನಿಂತುಬಿಡುತ್ತದೆ. ರೆಕ್ಕೆಯ ಒಂದು ಕಡೆ ಆ ಎಳೆತ ಇಳಿಯುವವರೆಗೂ ಇರುತ್ತದೆ. ಟ್ರ್ಯಾಕ್ಟರ್‌ನಲ್ಲಿ ಒಂದೇ ಕಡೆ ಬ್ರೇಕ್ ತುಳಿದುಕೊಂಡು ನೇರ ಓಡಿಸುವ ಹಾಗೆ. ಎಂಜಿನ್ ಹಾಳಾದರೆ ಹಾಳಾಗಲಿ ಅನ್ನುವುದು ದುಡ್ಡಿನ ವಿಷಯಕ್ಕೆ ಸರಿ. ಆದರೆ ಹಾಳಾಗುವ ರೀತಿಯಿಂದ ವಿಮಾನವೇ ಹೋಗಬಹುದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೇಸ್ ಒಡೆದು ಬೆಂಕಿ ಹತ್ತುವ ಅಪಾಯವೂ ಇದೆ. ಹಾಗಾಗಿ ಆಯಿಲ್ ನಿಜವಾಗಿ ಹೋಗುತ್ತಿದೆ ಅಂತ ಖಾತ್ರಿಯಾದರೆ, ಪ್ರೊಪೆಲ್ಲರ್ ಇನ್ನೂ ತಿರುಗುತ್ತಿರುವಾಗಲೇ ಫೆದರ್ ಮಾಡಿ. ಆಮೇಲೆ ಅದನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ.

ಘಟ್ಟದ_ಗಾಳಿ:

ಸರ್, ಲಾಕ್ ಪಿನ್ ವಿಷಯ ನಾನು ತೂಗಿ ನೋಡಿರಲಿಲ್ಲ. ಬರೀ ನಡುಕಕ್ಕೆ ನನ್ನ ಮಾತು ನಿಲ್ಲುತ್ತದೆ, ಆಯಿಲ್ ಇಳಿಯುತ್ತಿರುವಾಗ ನಿಲ್ಲುವುದಿಲ್ಲ. ಆದರೂ ಒಂದು ಕೇಳುತ್ತೇನೆ: ಫೆದರ್ ಮಾಡುವ ಮೊದಲು ಆ ಎರಡು ಮೂರು ನಿಮಿಷ ತಿರುಗುವ ದಿಕ್ಕು ತೀರ್ಮಾನ ಮಾಡಲಿ, ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣಕ್ಕೆ) ಹೇಳಲಿ. ಅದಕ್ಕೆ ಅಡ್ಡಿ ಇಲ್ಲ ಅಲ್ವಾ?

ಹಾಸನ_ಸ್ಪ್ಯಾನರ್:

ಅಡ್ಡಿ ಇಲ್ಲಪ್ಪ. ಥ್ರಾಟಲ್ ಹಿಂದೆ ತಂದು, ಗೇಜ್ ಮೇಲೆ ಕಣ್ಣಿಟ್ಟು ಮಾಡಲಿ. ಪ್ರೆಷರ್ ಕೆಂಪಿಗೆ ಬರುವ ತನಕ ಕಾಯಬಾರದು ಅಷ್ಟೇ.

ಮೂಡಿಗೆರೆ_ತೋಟ:

ನಾನು ಕಾಫಿ ಬೆಳೆಗಾರ, ವಿಮಾನದ ಬಗ್ಗೆ ಗೊತ್ತಿಲ್ಲ, ಕೆಳಗಿನ ನೆಲದ ಬಗ್ಗೆ ಗೊತ್ತು. ಸಕಲೇಶಪುರ, ಮೂಡಿಗೆರೆ ಕಡೆ ಮೇಲಿಂದ ಹಸಿರು ಹಾಸಿದ ಹಾಗೆ ಕಾಣುತ್ತದಂತೆ. ಅದು ಸಿಲ್ವರ್ ಓಕ್ ಮರದ ತುದಿ. ಅದರ ಕೆಳಗೆ ಕಾಫಿ, ಅದರ ಕೆಳಗೆ ಇಳಿಜಾರು. ಗದ್ದೆ ಇರುವುದು ಎರಡು ಗುಡ್ಡದ ನಡುವೆ, ಅಗಲ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ, ಮೇಲೆ ಕರೆಂಟ್ ತಂತಿ ಬೇರೆ. ಎರಡನೇ ಎಂಜಿನ್ನೂ ಹೋದರೆ ಇಲ್ಲಿ ಇಳಿಸುತ್ತೇನೆ ಅಂತ ಯಾರೂ ಅಂದುಕೊಳ್ಳಬೇಡಿ. ಹಾಸನದ ಕಡೆ, ಅರಕಲಗೂಡು, ಹೊಳೆನರಸೀಪುರದ ಕಡೆ ಹೋದರೆ ಹೊಲ ಮಟ್ಟಸ ಇದೆ. ಗೊರೂರು ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಅಂಚಿನಲ್ಲಿ ಬಯಲು ಬೀಳುತ್ತದೆ, ಆದರೆ ಕೆಸರಿರುತ್ತದೆ. ಜನ ಇರುವ ಊರು, ಮಗಳೇ ಹುಷಾರು.

ಚಿಕ್ಕಮಗಳೂರು_ಬಾನು:

ತೋಟದ ಅಣ್ಣ ಹೇಳಿದ್ದು ಬಹಳ ಮುಖ್ಯ. ಈಗ ಜಾಗಕ್ಕೆ ಬರೋಣ.

ಸಕಲೇಶಪುರದಿಂದ ನೇರ ಗೆರೆ ಎಳೆದರೆ ಮಂಗಳೂರಿನ ಬಜ್ಪೆ ಸುಮಾರು 52 ನಾಟಿಕಲ್ ಮೈಲಿ, ಶಿವಮೊಗ್ಗದ ಸೋಗಾನೆ ಸುಮಾರು 55, ಮೈಸೂರಿನ ಮಂಡಕಳ್ಳಿ ಸುಮಾರು 66. 90 ನಾಟ್‌ನಲ್ಲಿ, ಗಾಳಿ ಇಲ್ಲದಿದ್ದರೆ, ಕ್ರಮವಾಗಿ 35, 37, 44 ನಿಮಿಷ. ಹಾಸನವನ್ನು ಲೆಕ್ಕದಿಂದ ತೆಗೆದುಬಿಡು, ತೆರೆದಿದೆ ಅಂತ ಪ್ರಕಟ ಆಗುವವರೆಗೆ ಅದು ನಿನಗೆ ರನ್‌ವೇ ಅಲ್ಲ.

ಕಾಗದದ ಮೇಲೆ ಶಿವಮೊಗ್ಗ ಚೆನ್ನಾಗಿ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ತೆರೆದ ನಿಲ್ದಾಣ, ಮೂರು ಕಿಲೋಮೀಟರ್ ದಾಟುವ ರನ್‌ವೇ. ಆದರೆ ಮ್ಯಾಪ್ ಮೇಲೆ ಆ ಗೆರೆ ಎಳೆದು ನೋಡು. ಅದು ಮುಳ್ಳಯ್ಯನಗಿರಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಶಿಖರ 1,930 ಮೀಟರ್, ಅಂದರೆ 6,300 ಅಡಿಗೂ ಸ್ವಲ್ಪ ಮೇಲೆ. ಟರ್ಬೊ ಇಲ್ಲದ ವಿಮಾನ ನಿಮಿಷಕ್ಕೆ 100 ಅಡಿ ಜಾರುತ್ತಿದೆ ಅಂದುಕೋ, 18 ನಿಮಿಷಕ್ಕೆ ಅಲ್ಲಿಗೆ ಬರುವಾಗ 6,700 ಅಡಿಯಲ್ಲಿ ಇರುತ್ತೀಯ. 400 ಅಡಿಯೂ ಉಳಿದಿಲ್ಲ. ಗಾಳಿ ಜೋರಿದ್ದರೆ ಆ ಬೆಟ್ಟಸಾಲಿನ ಹಿಂದುಗಡೆ ಗಾಳಿ ಕೆಳಕ್ಕೆ ಬೀಳುತ್ತದೆ, ಒಂದು ಎಂಜಿನ್‌ಗೆ ಅದನ್ನು ಎದುರಿಸುವ ಶಕ್ತಿ ಇಲ್ಲ. ನಮ್ಮೂರಿನ ಬೆಟ್ಟ, ದಿನಾ ನೋಡಿ ಬೆಳೆದವಳು ನಾನು, ಮೋಡ ಎಷ್ಟು ಬೇಗ ಕೂರುತ್ತದೆ ಅಂತ ಗೊತ್ತು. ಸುತ್ತಿ ಹೋಗಬಹುದು, ಆದರೆ ಆಗ ದೂರದ ಲಾಭ ಹೋಯಿತು.

ಚಳಿಗಾಲ, ಬೇಸಿಗೆಯ ತಿಳಿ ದಿನದಲ್ಲಿ ನಾನು ಮಂಗಳೂರಿಗೆ ಹೋಗುತ್ತೇನೆ. ಘಟ್ಟ ದಾಟಿದ ಮೇಲೆ ನೆಲ ಕೆಳಗೆ ಹೋಗುತ್ತದೆ, ಗಾಳಿ ದಟ್ಟ ಆಗುತ್ತಾ ಬರುತ್ತದೆ, ಎಂಜಿನ್‌ಗೆ ಜೀವ ಬರುತ್ತದೆ. 100 ಅಡಿಯ ಲೆಕ್ಕದಲ್ಲೇ 35 ನಿಮಿಷಕ್ಕೆ 5,000 ಅಡಿಯಲ್ಲಿ ತಲುಪುತ್ತೀಯ, ನಿಲ್ದಾಣ ಇರುವುದು ಸುಮಾರು 340 ಅಡಿಯಲ್ಲಿ. ಉಳಿದದ್ದೆಲ್ಲ ನಿನ್ನ ಕೈಯಲ್ಲಿರುವ ಎತ್ತರ. ರನ್‌ವೇ 2,450 ಮೀಟರ್, ಮೋಡದಲ್ಲೂ ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ಇದೆ, ಅಗ್ನಿಶಾಮಕ ಇದೆ. ಹಿಂದೆ ತಿರುಗಿದರೆ ಕೆಳಗಿನ ನೆಲವೇ 3,000 ಅಡಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ಹಾಸನದ ನೆಲದ ಮೇಲೇ ವಿಮಾನಕ್ಕೆ 6,000 ಅಡಿಯಲ್ಲಿ ಇದ್ದ ಹಾಗೆ ಅನ್ನಿಸುತ್ತದೆ. ಹಾಸನದ ನೆಲದ 3,000 ಅಡಿಗೆ ಸ್ಟ್ಯಾಂಡರ್ಡ್ ಉಷ್ಣತೆ 9 ಡಿಗ್ರಿ, ಮೇಲಿನ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ ನೋಡು, ನೀನೇ ಲೆಕ್ಕ ಹಾಕಬಹುದು.

ಬಜ್ಪೆ ಟೇಬಲ್‌ಟಾಪ್ ಅನ್ನುವುದು ಮರೆಯಬೇಡ. ರನ್‌ವೇ ತುದಿಯಾಚೆ ಕಣಿವೆ, ಎತ್ತರ ಕಡಿಮೆ ಬಿದ್ದರೆ ಇಳಿಯಲು ಮಟ್ಟಸ ನೆಲ ಇಲ್ಲ. ಎತ್ತರ ಇಟ್ಟುಕೊಂಡೇ ಬಾ. ರನ್‌ವೇ ಖಾತ್ರಿಯಾಗುವವರೆಗೆ ಚಕ್ರ, ಫ್ಲ್ಯಾಪ್ ಇಳಿಸಬೇಡ, ಇಳಿಸಿದ ಮೇಲೆ ಮತ್ತೆ ಏರುವ ಯೋಚನೆ ಬಿಡು. ಚಕ್ರ, ಫ್ಲ್ಯಾಪ್ ಎರಡೂ ಕೆಳಗಿದ್ದು ಒಂದು ಎಂಜಿನ್ ಮೇಲೆ ಗೋ ಅರೌಂಡ್ ಮಾಡುವುದು ಇಂಥ ವಿಮಾನಕ್ಕೆ ಆಗದ ಮಾತು.

ಡೈಮಂಡ್_ಹುಡುಗ:

ನಮ್ಮಲ್ಲಿ ಡೈಮಂಡ್ ಡಿಎ42, ಅದೂ ಎರಡು ಎಂಜಿನ್ ವಿಮಾನ. ಅದರಲ್ಲಿ ಪ್ರೊಪೆಲ್ಲರ್ ಲಿವರ್ ಬೇರೆ ಇಲ್ಲ, ಎಂಜಿನ್ ಮಾಸ್ಟರ್ ಆರಿಸಿದರೆ ಫೆದರ್ ಆಗುತ್ತದೆ. ಸುಲಭ, ಆದರೆ ತಪ್ಪು ಸ್ವಿಚ್ ಮುಟ್ಟಿದರೆ ಅಷ್ಟೇ ಸುಲಭವಾಗಿ ಒಳ್ಳೆಯದೂ ಹೋಗುತ್ತದೆ. ಆ ಎಂಜಿನ್ ನಡೆಯುವುದು ಕಂಪ್ಯೂಟರ್ ಮೇಲೆ. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಬ್ಯಾಟರಿ ಸತ್ತ ಡಿಎ42 ಒಂದನ್ನು ಹೊರಗಿನ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ ಹಾರಿಸಿದರು. ಚಕ್ರ ಮೇಲೆ ಎತ್ತಿದಾಗ ವೋಲ್ಟೇಜ್ ಬಿದ್ದು ಎರಡೂ ಎಂಜಿನ್ ನಿಂತವು. ಎರಡು ಎಂಜಿನ್ ಇದ್ದರೂ ಒಂದೇ ಕಾರಣಕ್ಕೆ ಎರಡೂ ಹೋಗಬಹುದು. ಹಾಗಾಗಿ ಒಂದು ಕೆಟ್ಟಾಗ, ಇನ್ನೊಂದಕ್ಕೂ ಅದೇ ಕಾರಣ ಕಾಯುತ್ತಿದೆಯಾ ಅಂತ ನೋಡಬೇಕು. ಪೆಟ್ರೋಲ್‌ನಲ್ಲಿ ನೀರಿದ್ದರೆ ಎರಡೂ ಟ್ಯಾಂಕ್ ತುಂಬಿಸಿದ್ದು ಒಂದೇ ಬೌಸರ್‌ನಿಂದ (ಇಂಧನದ ಟ್ಯಾಂಕರ್) ಅಲ್ವಾ.

ಅರಸೀಕೆರೆ_ರೆಕ್ಕೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾನ್ಯುಯಲ್ ನೋಡಿದೆ, ನಮ್ಮದು ಟರ್ಬೊ ಇಲ್ಲದ ಹಳೆಯ ಸೆನೆಕಾ. ಹಾಗಾದರೆ ತಿಳಿ ದಿನಕ್ಕೆ ಮಂಗಳೂರು. ಜುಲೈ ತಿಂಗಳಾದರೆ? ಘಟ್ಟದ ಮೇಲೆ ಮೋಡ ಇರುತ್ತದೆ ಅನ್ನುವುದು ಗೊತ್ತು. ಮೋಡದೊಳಗೆ ಹೋಗಲು ಅನುಮತಿ, ರೇಟಿಂಗ್ ಎರಡೂ ಇದ್ದರೂ ಮಂಗಳೂರೇನಾ? ಬಾನು ಅಕ್ಕ, ಒಳ್ಳೆಯ ಎಂಜಿನ್‌ಗೆ ಅಷ್ಟು ಹೊತ್ತು ಏನು ಮಾಡಬೇಕು ಅಂತಲೂ ಹೇಳಿ.

ಚಿಕ್ಕಮಗಳೂರು_ಬಾನು:

ಜುಲೈಯಲ್ಲಿ ಮೈಸೂರು. ಗಾಳಿಯನ್ನು ಸೇರಿಸಿ ಮತ್ತೆ ಲೆಕ್ಕ ಹಾಕು. ಮುಂಗಾರಿನಲ್ಲಿ ಆ ಎತ್ತರದಲ್ಲಿ ಪಶ್ಚಿಮದ ಗಾಳಿ 30 ನಾಟ್ ಇರುವುದು ಮಾಮೂಲು. ಮಂಗಳೂರಿಗೆ ಎದುರು ಗಾಳಿ, ನೆಲದ ಮೇಲಿನ ಸ್ಪೀಡ್ 60 ನಾಟ್, 52 ನಿಮಿಷ ಬೇಕು. ಮೈಸೂರಿಗೆ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, 66 ಮೈಲಿ 35 ನಿಮಿಷದಲ್ಲಿ ಮುಗಿಯುತ್ತದೆ. ಹತ್ತಿರದ್ದು ದೂರವಾಯಿತು, ದೂರದ್ದು ಹತ್ತಿರವಾಯಿತು. ಜೊತೆಗೆ ಘಟ್ಟದ ಪಶ್ಚಿಮಕ್ಕೆ ಮಳೆ, ಮೋಡದ ಗೋಡೆ, ಟೇಬಲ್‌ಟಾಪ್ ಮೇಲೆ ಮೋಡ ಕೂತಿರುವ ಸಾಧ್ಯತೆ. ಪೂರ್ವಕ್ಕೆ ಬಂದ ಹಾಗೆ ಮಳೆ ಕಡಿಮೆ, ಕೆಳಗೆ ಅರಕಲಗೂಡು, ಕೆ.ಆರ್. ನಗರದ ಹೊಲ. ಮಂಡಕಳ್ಳಿ ರನ್‌ವೇ 1,740 ಮೀಟರ್, ನಿನ್ನ ವಿಮಾನಕ್ಕೆ ಧಾರಾಳ ಸಾಕು. ಹೊರಡುವ ಮೊದಲೇ ಮೈಸೂರಿನ ಎಟಿಸಿ ಸಮಯ ನೋಡಿಟ್ಟುಕೋ. ಯಾವ ಜಾಗಕ್ಕೆ ಯಾವ ಊರು ಅಂತ ಜಕ್ಕೂರಿನಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗು. ನಡುಗುವ ಎಂಜಿನ್ ಪಕ್ಕ ಕೂತು ಈ ಲೆಕ್ಕ ಹಾಕಲು ಆಗುವುದಿಲ್ಲ.

ಒಳ್ಳೆಯ ಎಂಜಿನ್‌ಗೆ ಕೌಲ್ ಫ್ಲ್ಯಾಪ್ (ಎಂಜಿನ್ ತಂಪಾಗಿಸುವ ಗಾಳಿಯ ಬಾಗಿಲು) ತೆರೆದಿಡು, ಸತ್ತದ್ದಕ್ಕೆ ಮುಚ್ಚು. ಸಿಲಿಂಡರ್ ಟೆಂಪರೇಚರ್ ನೋಡುತ್ತಿರು. ವಿಮಾನವನ್ನು ಒಳ್ಳೆಯ ಎಂಜಿನ್ ಕಡೆಗೆ ಎರಡು ಮೂರು ಡಿಗ್ರಿ ವಾಲಿಸಿ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮೀಟರ್‌ನ ಬಾಲ್ ಅದೇ ಕಡೆಗೆ ಅರ್ಧ ಸರಿದಿರುವ ಹಾಗೆ ಇಟ್ಟುಕೋ, ಎಳೆತ ಕಡಿಮೆಯಾಗುತ್ತದೆ. ರಡ್ಡರ್ ಟ್ರಿಮ್ ಹಾಕು, ಅರ್ಧ ಗಂಟೆ ಕಾಲಿನಲ್ಲಿ ಒತ್ತಿ ಹಿಡಿದರೆ ಇಳಿಯುವಾಗ ಕಾಲು ಸೋತಿರುತ್ತದೆ. ಸತ್ತ ಕಡೆಯ ಟ್ಯಾಂಕ್ ಬಳಸಬೇಕಾದರೆ ಕ್ರಾಸ್‌ಫೀಡ್ (ಆ ಕಡೆಯ ಪೆಟ್ರೋಲ್ ಈ ಎಂಜಿನ್‌ಗೆ ಕೊಡುವುದು) ಮಟ್ಟಸ ಹಾರಾಟದಲ್ಲಿ ಮಾತ್ರ, ಇಳಿಯುವ ಮೊದಲು ತನ್ನ ಟ್ಯಾಂಕ್‌ಗೆ ವಾಪಸ್. ರೇಡಿಯೊದಲ್ಲಿ ಸಂಕೋಚ ಬೇಡ. ಮೇಡೇ ಅಂತಲೇ ಹೇಳು, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಕೋಡ್ 7700 ಹಾಕು.

ಹಾಸನ_ಸ್ಪ್ಯಾನರ್:

ಇಳಿದ ಮೇಲೆ ಒಂದು ಕೆಲಸ. ಆ ಎಂಜಿನ್‌ಗೆ ಆಯಿಲ್ ತುಂಬಿ "ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ" ಅಂತ ಯಾರು ಹೇಳಿದರೂ ಬಿಡಬೇಡಮ್ಮ. ಡಿಪ್‌ಸ್ಟಿಕ್ ಎಷ್ಟು ತೋರಿಸುತ್ತದೆ ಬರೆದಿಡು, ಕವರ್ ಮೇಲಿನ ಆಯಿಲ್ ಗುರುತಿನ ಫೋಟೊ ತೆಗೆ, ಯಾವಾಗ ಯಾವ ಗೇಜ್ ಏನು ತೋರಿಸಿತು ಅನ್ನುವುದನ್ನು ನೆನಪಿರುವಾಗಲೇ ಟೆಕ್ ಲಾಗ್‌ನಲ್ಲಿ ಬರಿ. ಕಾರಣ ಹುಡುಕುವವರಿಗೆ ಅದೇ ಆಧಾರ.